ಮಗ್ಗದ ಮನೆಯಲ್ಲಿ ಕುಳಿತು ಆನ್‌ಲೈನ್ ಆಪ್ತಸಮಾಲೋಚನೆ ಸಾಧ್ಯವೇ? ಅನುಭವ ಇದ್ದವರು ತಿಳಿಸಿ

ಬನಹಟ್ಟಿ_ಸೊಸೆ (ಭಾನುವಾರ, ರಾತ್ರಿ 11:20)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತ ಬಹಳ ದಿನವಾಯಿತು, ಬರೆಯುತ್ತಿರುವುದು ಮೊದಲ ಸಲ.

ದೀಪಾವಳಿ ಕಳೆದ ಮೇಲಿಂದ ರಾತ್ರಿ ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆ. ಕೈಬೆರಳು ಜುಮ್ಮೆನ್ನುತ್ತವೆ, ಉಸಿರು ಅರ್ಧಕ್ಕೇ ನಿಂತಂತಾಗುತ್ತದೆ, ಈಗಲೇ ಏನೋ ಆಗಿಬಿಡುತ್ತದೆ ಎಂಬ ಭಯ ಹತ್ತುತ್ತದೆ. ಜಮಖಂಡಿಗೆ ಹೋಗಿ ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆ ಎಲ್ಲ ಮಾಡಿಸಿದ್ದಾಯಿತು. ಯಾವುದರಲ್ಲೂ ದೋಷವಿಲ್ಲ. ವೈದ್ಯರು "ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಎಂದರು. ಹೇಗೆ ಎಂದು ಕೇಳುವಷ್ಟರಲ್ಲಿ ಪಾಳಿಯಲ್ಲಿದ್ದ ಮುಂದಿನವರು ಒಳಗೆ ಬಂದು ಕುಳಿತಿದ್ದರು.

ಟೆನ್ಷನ್ ಎಲ್ಲಿಂದ ಬರುತ್ತದೆ ಎಂಬುದು ನನಗೆ ಗೊತ್ತಿದೆ. ನಮ್ಮದು ವಿದ್ಯುತ್ ಮಗ್ಗದ ಮನೆ. ನೂಲಿನ ದರ ಏರಿದ ದಿನವೇ ಸೀರೆಯ ದರ ಏರುವುದಿಲ್ಲ. ಬಿ.ಕಾಂ. ಓದಿದ್ದೇನೆಂದು ಲೆಕ್ಕದ ವಹಿ ನನ್ನ ಕೈಗೆ ಬಂದಿದೆ. ಯಾರಿಗೆ ಎಷ್ಟು ಬಾಕಿ ಎಂಬುದು ಮಾವನಿಗಿಂತ ಮೊದಲು ನನಗೆ ತಿಳಿಯುತ್ತದೆ. ಅತ್ತೆಯವರು ಒಳ್ಳೆಯವರೇ. ದೃಷ್ಟಿ ತೆಗೆದರು, ಮಠದಿಂದ ಅಂಗಾರ ತಂದು ಹಚ್ಚಿದರು, ಸವದತ್ತಿಗೆ ಹೋಗಿ ಬರೋಣ ಎನ್ನುತ್ತಿದ್ದಾರೆ. ಹೋಗುತ್ತೇನೆ, ಬೇಡ ಎನ್ನುವುದಿಲ್ಲ. ಆದರೆ ಅದರ ಜೊತೆಗೆ ತಿಳಿದವರೊಬ್ಬರ ಜೊತೆ ಮಾತನಾಡಬೇಕೆನಿಸಿದೆ.

ಮೊಬೈಲಿನಲ್ಲಿ ಆನ್‌ಲೈನ್ ಥೆರಪಿಯ ಜಾಹೀರಾತು ದಿನವೂ ಬರುತ್ತಿದೆ. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ? ಮಾಡುತ್ತದೆ ಎಂದೇ ಇಟ್ಟುಕೊಳ್ಳೋಣ, ನಾನು ಎಲ್ಲಿ ಕುಳಿತು ಮಾತನಾಡಲಿ? ಮುಂದಿನ ಕೋಣೆಯಲ್ಲಿ ಮಗ್ಗ, ನಡುಮನೆಯಲ್ಲಿ ಮಾವ, ಅಡುಗೆಮನೆಯಲ್ಲಿ ಅತ್ತೆ, ಮಾಳಿಗೆಯ ಮೇಲೆ ಕಂಡಿಕೆ ಸುತ್ತುವವರು. ಮಗ್ಗ ನಡೆಯುವಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ ನಿಜ, ಫೋನಿನ ಆ ಕಡೆಯವರಿಗೂ ಕೇಳಿಸುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ಎಲ್ಲರೂ ನಡುಮನೆಗೆ ಬಂದು ಕುಳಿತುಬಿಡುತ್ತಾರೆ. ಇನ್ನು ಹಣ. ನನ್ನ ಫೋನ್‌ಪೇ ಲೆಕ್ಕವನ್ನು ಮಾವನೂ ನೋಡುತ್ತಾರೆ, ಏಕೆಂದರೆ ವ್ಯಾಪಾರದ ಹಣವೂ ಅದರಲ್ಲೇ ಓಡಾಡುತ್ತದೆ. "ಇದ್ಯಾರಿಗೆ ಹೋಯಿತು ಸಾವಿರ ರೂಪಾಯಿ" ಎಂದು ಕೇಳಿದರೆ ಏನು ಹೇಳಲಿ?


ಘಟಪ್ರಭಾ_ದಂಡೆ (ಸೋಮವಾರ, ಬೆಳಿಗ್ಗೆ 7:05)

ಅಕ್ಕಾ, ನೀವು ಬರೆದ ಲಕ್ಷಣಗಳಲ್ಲಿ ಒಂದೂ ಬಿಡದಂತೆ ನನಗೂ ಇದ್ದವು. ನಾನು ಗೋಕಾಕದವನು, ಕ್ಯಾಷ್ ಕೌಂಟರಿನ ಕೆಲಸ. ಎದುರಿಗೆ ಜನ ನಿಂತಿರುವಾಗಲೇ ಎದೆ ಬಡಿತ ಶುರುವಾಗಿ, ನೋಟು ಎಣಿಸುವುದನ್ನು ಬಿಟ್ಟು ಎದ್ದು ಹೋಗುತ್ತಿದ್ದೆ. ಆನ್‌ಲೈನಿನಲ್ಲೇ ಚಿಕಿತ್ಸೆ ಪಡೆದೆ, ಈಗ ಚೆನ್ನಾಗಿದ್ದೇನೆ.

ಅಲ್ಲಿ ಏನು ನಡೆಯುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಮೊದಲ ಭೇಟಿ ಪೂರ್ತಿ ಪ್ರಶ್ನೆಗಳೇ. ನಿದ್ದೆ, ಊಟ, ಮನೆ, ಕುಡಿತ, ಹಿಂದೆ ಆದ ಕಾಯಿಲೆ. ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದರು: ಎದೆ ಬಡಿತ ಬಂದಾಗ ಎಲ್ಲಿದ್ದೆ, ಮನಸ್ಸಿನಲ್ಲಿ ಯಾವ ಮಾತು ಓಡಿತು, ಮೈಯಲ್ಲಿ ಏನಾಯಿತು, ನಾನು ಏನು ಮಾಡಿದೆ. ಮುಂದೊಂದು ಭೇಟಿಯಲ್ಲಿ, "ಎದ್ದು ನಿಲ್ಲಿ, ನಿಂತಲ್ಲೇ ಒಂದು ನಿಮಿಷ ಜೋರಾಗಿ ಓಡಿ" ಎಂದರು. ಓಡಿದೆ. ಎದೆ ಢವಢವ ಎನ್ನತೊಡಗಿತು. "ಈಗ ಭಯ ಹತ್ತಕ್ಕೆ ಎಷ್ಟು?" ಎಂಟು ಎಂದೆ. "ಕೂರಬೇಡಿ, ನೀರು ಕುಡಿಯಬೇಡಿ, ಸುಮ್ಮನೆ ಗಮನಿಸಿ." ಸ್ವಲ್ಪ ಹೊತ್ತಿಗೆ ಆರಾಯಿತು, ಮೂರಾಯಿತು. ಎದೆ ಬಡಿದರೆ ಸಾಯುವುದಿಲ್ಲ ಎಂಬುದನ್ನು ಹತ್ತು ಮಂದಿ ಹೇಳಿದ್ದರು; ಮೈಗೆ ಗೊತ್ತಾದದ್ದು ಅವತ್ತೇ. ಹೊರಗಿನಿಂದ ಅವ್ವ ಮಾತ್ರ "ಒಳಗೆ ಏನು ಕುಣಿತ ಹಚ್ಚಿದ್ದೀಯಪ್ಪಾ" ಎಂದು ಬಾಗಿಲು ಬಡಿದಳು.

ಮೊದಲು ಸಿಕ್ಕವರು ನನಗೆ ಹೊಂದಲಿಲ್ಲ. ಬರೀ ಧೈರ್ಯ ಹೇಳುತ್ತಿದ್ದರು. ಎರಡನೆಯವರಿಂದ ಉಪಯೋಗವಾಯಿತು. ಬದಲಾಯಿಸುವುದರಲ್ಲಿ ಮುಲಾಜು ಇಟ್ಟುಕೊಳ್ಳಬೇಡಿ.


ತಿಕೋಟಾ_ದ್ರಾಕ್ಷಿ (ಸೋಮವಾರ, ಬೆಳಿಗ್ಗೆ 9:40)

ಸಿಟ್ಟಾಗಬೇಡಿ, ನೇರವಾಗಿ ಕೇಳುತ್ತೇನೆ. ಮಾತನಾಡಲು ದುಡ್ಡು ಏಕೆ ಕೊಡಬೇಕು? ತಂಗಿ ಬರೆದದ್ದನ್ನು ಓದಿದರೆ ಕಾಯಿಲೆ ನೂಲಿನ ದರದಲ್ಲಿದೆ. ಬೆಂಗಳೂರಿನಲ್ಲಿ ಕುಳಿತವರು ಮುಕ್ಕಾಲು ಗಂಟೆ ಮಾತನಾಡಿದರೆ ನೂಲಿನ ದರ ಇಳಿಯುತ್ತದೆಯೇ? ನಮ್ಮ ಕಡೆ ಅಕಾಲಿಕ ಮಳೆ ಬಿದ್ದು ದ್ರಾಕ್ಷಿ ಗೊನೆ ಬಿರಿದಾಗ ಯಾರೂ ಥೆರಪಿಗೆ ಹೋಗಲಿಲ್ಲ.

ಇನ್ನೊಂದು ಮಾತು. ಈಗ ಯಾರು ಬೇಕಾದರೂ ವಾರದ ಕೋರ್ಸ್ ಮುಗಿಸಿ "ಮೈಂಡ್ ಕೋಚ್" ಎಂದು ಬೋರ್ಡು ಹಾಕಿಕೊಳ್ಳುತ್ತಾರೆ. ನಮ್ಮ ಸಂಬಂಧಿಕರ ಹುಡುಗನೊಬ್ಬ ಇಂಥವರಿಗೆ ಹಣ ಸುರಿದ. ನಿಮ್ಮ ಪೂರ್ವಜನ್ಮದ ಗಂಟು ಬಿಡಿಸುತ್ತೇನೆ ಎಂದನಂತೆ ಆ ಮಹಾಶಯ. ಇವರನ್ನು ಕೇಳುವವರು ಯಾರು?


ಬನಹಟ್ಟಿ_ಸೊಸೆ

ಅಣ್ಣಾ, ನೂಲಿನ ದರ ಇಳಿಯುವುದಿಲ್ಲ, ಒಪ್ಪುತ್ತೇನೆ. ಆದರೆ ನಿದ್ದೆಗೆಟ್ಟ ಕಣ್ಣಿಗೆ ವಹಿಯಲ್ಲಿ ಏಳು ಒಂದಾಗಿ ಕಾಣುತ್ತದೆ. ದರ ಇಳಿಯುವವರೆಗೂ ಲೆಕ್ಕ ಬರೆಯಬೇಕಾದವಳು ನಾನೇ ಅಲ್ಲವೇ?


ಕ್ಲಿನಿಕಲ್_ಬೆಳಗಾವಿ (ಸೋಮವಾರ, ಮಧ್ಯಾಹ್ನ 2:15)

ನಾನು ಬೆಳಗಾವಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ನನ್ನ ಬಳಿ ಬನ್ನಿ ಎಂದು ಹೇಳಲು ಬರೆಯುತ್ತಿಲ್ಲ, ಹೆಸರನ್ನೂ ಹೇಳುವುದಿಲ್ಲ.

ತಿಕೋಟಾದ ಅಣ್ಣಾವರ ಎರಡನೆಯ ಪ್ರಶ್ನೆಯೇ ಮುಖ್ಯ, ಅದನ್ನು ಮೊದಲು ನೋಡೋಣ. ಮನೋವೈದ್ಯರೆಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯುವ ಅಧಿಕಾರ ಇರುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ನೀಡುತ್ತಾರೆ. ಅವರು ಭಾರತೀಯ ಪುನರ್ವಸತಿ ಮಂಡಳಿಯ ರಿಜಿಸ್ಟರಿನಲ್ಲಿ ಇರಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳುವುದು ನಿಮ್ಮ ಹಕ್ಕು, ಮಂಡಳಿಯ ಜಾಲತಾಣದಲ್ಲಿ ತಾಳೆ ನೋಡಬಹುದು. ಸಂಖ್ಯೆ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೇ ಫೋನ್ ಇಡಿ. ಆಪ್ತಸಮಾಲೋಚಕರಲ್ಲಿ ಎಂ.ಎ., ಎಂಎಸ್‌ಡಬ್ಲ್ಯೂ ಓದಿ ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡುವವರಿದ್ದಾರೆ, ಏನೂ ಓದದವರೂ ಇದ್ದಾರೆ. ಅವರ ವಿಷಯದಲ್ಲಿ ಎಲ್ಲಿ ಓದಿದರು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಲೇಬೇಕು. ಪೂರ್ವಜನ್ಮ, ಏಳು ದಿನದಲ್ಲಿ ಗ್ಯಾರಂಟಿ, ಪೂರ್ತಿ ಪ್ಯಾಕೇಜಿನ ಹಣ ಮುಂಗಡ ಎನ್ನುವವರಿಂದ ದೂರ ಇರಿ.

ಕೆಲಸ ಮಾಡುತ್ತದೆಯೇ ಎಂದರೆ, ಸೌಮ್ಯದಿಂದ ಮಧ್ಯಮ ಪ್ರಮಾಣದ ಆತಂಕ ಮತ್ತು ಖಿನ್ನತೆಗೆ ಮಾಡುತ್ತದೆ. ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಅರಿವು-ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ತರಬೇತಾದವರ ಮಾರ್ಗದರ್ಶನದಲ್ಲಿ ಆನ್‌ಲೈನಿನಲ್ಲಿ ನಡೆದರೂ ಎದುರುಬದುರು ಕುಳಿತು ಮಾಡಿದ್ದಕ್ಕೆ ಹೆಚ್ಚುಕಡಿಮೆ ಸಮವಾಗಿ ಫಲ ಕೊಡುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ; ಪ್ಯಾನಿಕ್, ಅಂದರೆ ಹೀಗೆ ಇದ್ದಕ್ಕಿದ್ದಂತೆ ನುಗ್ಗುವ ಭಯ, ಒಂದೇ ಆಗಿದ್ದರೆ ಕೆಲವೊಮ್ಮೆ ಇನ್ನೂ ಬೇಗ. ಗೋಕಾಕದವರು ನಿಂತಲ್ಲೇ ಓಡಿದ್ದು ಈ ಚಿಕಿತ್ಸೆಯದೇ ಭಾಗ, ಹೃದಯ ಸರಿಯಾಗಿದೆ ಎಂದು ಪರೀಕ್ಷೆ ಆದವರಿಗೆ ಮಾತ್ರ ಮಾಡಿಸುವಂಥದ್ದು. ಬೆರಳು ಜುಮ್ಮೆನ್ನುವುದಕ್ಕೂ ಕಾರಣವಿದೆ: ಭಯದಲ್ಲಿ ಉಸಿರು ಜೋರಾಗಿ ಆಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಕೈಬೆರಳು, ತುಟಿ ಜುಮುಗುಡುತ್ತವೆ. ಸಾಮಾನ್ಯವಾಗಿ ಭಯದ ಈ ಅಲೆ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ.

ನೂಲಿನ ದರದ ಬಗ್ಗೆ: ಚಿಂತೆಯನ್ನು ಅಳಿಸುವುದು ನಮ್ಮ ಕೆಲಸವಲ್ಲ. ಯಾವ ಬಾಕಿ ಈ ವಾರದ್ದು, ಯಾವುದು ಮುಂದಿನ ತಿಂಗಳದ್ದು, ಯಾವುದಕ್ಕೆ ನೀವು ಏನೂ ಮಾಡಲಾರಿರಿ ಎಂದು ಕಾಗದದ ಮೇಲೆ ಬೇರೆ ಬೇರೆ ಮಾಡಿಸುತ್ತೇವೆ. ಬಾಕಿಯ ಪಟ್ಟಿಯನ್ನು ಒಬ್ಬರೇ ಹೊತ್ತುಕೊಳ್ಳದೆ ಗಂಡನಿಗೆ ಯಾವಾಗ, ಹೇಗೆ ಹೇಳಬೇಕು ಎಂಬುದೂ ಚಿಕಿತ್ಸೆಯ ವಿಷಯವೇ.

ಹಣವಿಲ್ಲದೆಯೂ ಶುರು ಮಾಡಬಹುದು. 14416 ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಉಚಿತ ಸಹಾಯವಾಣಿ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮೊದಲು ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯ ಕಂಡರೆ ಮನೋವೈದ್ಯರಿಗೆ ಕರೆ ದಾಟಿಸುತ್ತಾರೆ. ಫೋನ್‌ಪೇ ಪ್ರಶ್ನೆಯೇ ಬರುವುದಿಲ್ಲ.


ಇಳಕಲ್_ಸೆರಗು (ಸೋಮವಾರ, ಸಂಜೆ 6:30)

ಎಲ್ಲರೂ ಥೆರಪಿಯ ಬಗ್ಗೆ ಬರೆದರು, ಎಲ್ಲಿ ಕುಳಿತುಕೊಳ್ಳಬೇಕು ಎಂಬುದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಗಂಡಸರಿಗೆ ಅದು ಸಮಸ್ಯೆಯಾಗಿ ಕಾಣುವುದೇ ಇಲ್ಲ, ಬೈಕ್ ಹತ್ತಿ ಊರ ಹೊರಗೆ ಹೋಗಿ ನಿಂತುಬಿಡುತ್ತಾರೆ.

ತಂಗೀ, ನಾನೂ ಕೈಮಗ್ಗದ ಮನೆಯವಳು. ಹೆರಿಗೆಯ ನಂತರ ಆರು ತಿಂಗಳು ನನಗೆ ಯಾವುದೂ ಬೇಡವಾಗಿತ್ತು. ಮಗು ಅತ್ತರೂ ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ. ಫೋನಿನಲ್ಲಿ ಮಾತನಾಡಲು ಮನೆಯಲ್ಲಿ ಮೂಲೆಯೇ ಇಲ್ಲ. ಗೆಳತಿಯೊಬ್ಬಳು ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ, ಮಧ್ಯಾಹ್ನ ಗಿರಾಕಿ ಇರುವುದಿಲ್ಲ. ಒಳಕೋಣೆಯಲ್ಲಿ ಕನ್ನಡಿಯ ಮುಂದೆ ಕುಳಿತು ಮಾತನಾಡುತ್ತಿದ್ದೆ. ಅವಳು ಹೊರಗೆ ಷಟರ್ ಅರ್ಧ ಎಳೆದು ಕಾವಲು ಕೂರುತ್ತಿದ್ದಳು. "ಹುಬ್ಬು ತಿದ್ದಿಸಿಕೊಳ್ಳಲು ಹೋಗುತ್ತೇನೆ" ಎಂದು ಹೇಳಿ ಹೋದವಳು ಹುಬ್ಬು ತಿದ್ದಿಸಿಕೊಳ್ಳದೆ ಬಂದರೆ ಅತ್ತೆಗೆ ಅನುಮಾನ ಬರುತ್ತದಲ್ಲ, ಅದಕ್ಕೆ ಒಂದೊಂದು ಸಲ ನಿಜಕ್ಕೂ ತಿದ್ದಿಸಿಕೊಂಡು ಬರುತ್ತಿದ್ದೆ!

ವಿಡಿಯೊ ಬೇಕೆಂದೇನಿಲ್ಲ, ಬರೀ ಧ್ವನಿ ಕರೆಯಲ್ಲೂ ಮಾತನಾಡಬಹುದು. ತಂತಿಯ ಇಯರ್‌ಫೋನ್ ಇಟ್ಟುಕೊಳ್ಳಿ, ಬ್ಲೂಟೂತ್ ಆದರೆ ಮನೆಯ ಟಿವಿಗೆ ಸೇರಿಕೊಂಡು ಮಾನ ಕಳೆಯುತ್ತದೆ. ಮಾತಿನ ನಡುವೆ ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಗುರುತಿನ ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಾನು "ಬ್ಲೌಸ್ ಪೀಸ್ ಬಂತೇ" ಎಂದರೆ ಆ ಕಡೆಯ ಮೇಡಂ ಮಾತು ನಿಲ್ಲಿಸುತ್ತಿದ್ದರು.


ಖಾನಾಪುರ_ಮಳೆ

ನೆಟ್‌ವರ್ಕ್ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ನಮ್ಮಲ್ಲಿ ವಿಡಿಯೊ ಕರೆ ಎಂದರೆ ಮುಖ ಒಂದು ಕಡೆ, ಮಾತು ಒಂದು ಕಡೆ. ಅಳುತ್ತಿರುವಾಗ ಕರೆ ಕಡಿದು ಹೋದರೆ ಅದರಷ್ಟು ಬೇಸರ ಬೇರೆ ಇಲ್ಲ. ಕರೆ ಕಡಿದರೆ ಯಾರು ಯಾರಿಗೆ ಮತ್ತೆ ಮಾಡಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಮೊದಲೇ ಮಾತನಾಡಿಕೊಳ್ಳಿ. ನನ್ನ ತಾಯಿಗೆ ಕನ್ನಡಕ್ಕಿಂತ ಮರಾಠಿ ಸಲೀಸು, 14416ರಲ್ಲಿ ಮರಾಠಿಯಲ್ಲೇ ಮಾತನಾಡಿದರು.


ನವನಗರ_ಬಾಗಲಕೋಟೆ (ಸೋಮವಾರ, ರಾತ್ರಿ 9:10)

ಸಾಫ್ಟ್‌ವೇರ್ ಕೆಲಸದವನಾಗಿ ಒಂದು ಎಚ್ಚರಿಕೆ. ಆ್ಯಪ್ ಹಾಕಿಕೊಳ್ಳುವಾಗ ಅದು ಕೇಳಿದ್ದಕ್ಕೆಲ್ಲ "ಒಪ್ಪಿಗೆ" ಒತ್ತಬೇಡಿ. ಅಮೆರಿಕದ ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ಜನರ ಇಮೇಲ್, ಅವರು ತುಂಬಿದ ಆರೋಗ್ಯದ ಪ್ರಶ್ನಾವಳಿಯ ಮಾಹಿತಿಯನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳ ಜೊತೆ ಜಾಹೀರಾತಿಗಾಗಿ ಹಂಚಿಕೊಂಡಿದೆ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ಸಂಪರ್ಕ ಪಟ್ಟಿ, ಫೋಟೊ, ಸ್ಥಳದ ಅನುಮತಿ ಥೆರಪಿಗೆ ಬೇಕಿಲ್ಲ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಆದರೆ ಕಾಯ್ದೆ ಮಾವನ ಕೈಗೆ ಸಿಕ್ಕ ಫೋನನ್ನು ಕಾಯುವುದಿಲ್ಲ. ಆ್ಯಪ್‌ಗೆ ಬೇರೆ ಪಾಸ್‌ವರ್ಡ್ ಹಾಕಿ, ಪರದೆಯ ಮೇಲೆ ಸಂದೇಶ ತೋರಿಸುವುದನ್ನು ನಿಲ್ಲಿಸಿ.


ನಿವೃತ್ತ_ಮಾಸ್ತರ_ಮುಧೋಳ (ಮಂಗಳವಾರ, ಬೆಳಿಗ್ಗೆ 6:00)

ಮಗಳೇ, ನನ್ನ ಮಾತು ಸ್ವಲ್ಪ ಬೇರೆ. ಹೆಂಡತಿ ತೀರಿಕೊಂಡ ವರ್ಷ ನಾನು ಪೇಪರ್ ಓದುವುದನ್ನು ಬಿಟ್ಟೆ. ಗಡ್ಡ ಬೋಳಿಸುವುದನ್ನು ಬಿಟ್ಟೆ. ನಸುಕಿನ ಮೂರಕ್ಕೆ ಎಚ್ಚರವಾದರೆ ಬೆಳಗಾಗುವವರೆಗೆ ಜಂತಿ ಎಣಿಸುವುದು. ಪುಣೆಯಲ್ಲಿರುವ ಮಗ ಆನ್‌ಲೈನಿನಲ್ಲಿ ಯಾರನ್ನೋ ಗೊತ್ತುಮಾಡಿದ. ಪರದೆಯಲ್ಲಿ ಒಬ್ಬ ಹುಡುಗಿ, ನನ್ನ ಮೊಮ್ಮಗಳ ವಯಸ್ಸು. ಏನು ಮಾತನಾಡಲಿ? "ಎಲ್ಲ ಆರಾಮ" ಎಂದು ಹೇಳಿ ಮುಗಿಸಿದೆ. ಮುಖ ನೋಡಿ ಮಾತನಾಡಿ ಬೆಳೆದವರಿಗೆ ಅದು ಒಗ್ಗುವುದು ಕಷ್ಟ.

ಕೊನೆಗೆ ಉಪಯೋಗವಾದದ್ದು ಸರ್ಕಾರಿ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಅಲ್ಲಿ ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟರು. ಎರಡು ವಾರ ಏನೂ ಆಗಲಿಲ್ಲ, ಬಾಯಿ ಒಣಗಿದ್ದೊಂದೇ ಲಾಭ. ಬಿಡಬೇಡಿ, ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು ಎಂದಿದ್ದರು. ಹಾಗೆಯೇ ಆಯಿತು. ಒಂದು ಬೆಳಿಗ್ಗೆ ನಾನಾಗಿಯೇ ಬ್ಲೇಡು ತರಲು ಅಂಗಡಿಗೆ ಹೋದೆ.

ಮುಖ ಕಂಡವರೊಡನೆ ಆಮೇಲೆ ಫೋನಿನಲ್ಲಿ ಮಾತನಾಡುವುದು ಕಷ್ಟವೆನಿಸಲಿಲ್ಲ. ಮೊದಲ ಭೇಟಿ ಎದುರಿಗೆ, ಮುಂದಿನವು ಫೋನಿನಲ್ಲಿ ಎಂಬ ದಾರಿ ನಿನಗೂ ಹೊಂದಬಹುದು.


ಕ್ಲಿನಿಕಲ್_ಬೆಳಗಾವಿ

ಮಾಸ್ತರರು ಹೇಳಿದ್ದು ಸರಿ. ಆನ್‌ಲೈನಿಗೆ ಮಿತಿಗಳಿವೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಮಾದಕ ದ್ರವ್ಯ ಕಾಯ್ದೆಯಡಿ ಬರುವ ಔಷಧಗಳನ್ನು ವೈದ್ಯರು ಫೋನಿನಲ್ಲಿ ನೋಡಿ ಬರೆದುಕೊಡುವಂತಿಲ್ಲ. ನಿದ್ದೆಗೆಂದು ಕೊಡುವ ಕೆಲವು ಮಾತ್ರೆಗಳು ಇದರಲ್ಲಿ ಬರುತ್ತವೆ. ಯಾರಿಗೂ ಕೇಳಿಸದ ಮಾತು ಕೇಳಿಸುವುದು, ಊಟ ನೀರು ಬಿಟ್ಟಿರುವುದು, ಕುಡಿತದಿಂದ ಕೈನಡುಕ, ಮನೆಯಲ್ಲಿ ಹೊಡೆತ ಬಡಿತ, ಬದುಕು ಸಾಕೆನಿಸುವುದು ಇವುಗಳಿಗೆ ಎದುರುಬದುರು ಭೇಟಿಯೇ ಬೇಕು. ಧಾರವಾಡದ ಡಿಮ್ಹಾನ್ಸ್ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರೂ ಜಿಲ್ಲೆಯವರಿಗೆ ಹತ್ತಿರದ ದೊಡ್ಡ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಖರ್ಚೂ ಇಲ್ಲ.


ಹೊಸ_ಸದಸ್ಯ_ಇಂಡಿ (ಮಂಗಳವಾರ, ರಾತ್ರಿ 12:50)

ಎಲ್ಲ ಓದಿದೆ. ನನಗೆ ಥೆರಪಿಯ ಹೊತ್ತೆಲ್ಲ ಮೀರಿದೆ. ಪರೀಕ್ಷೆ ಮತ್ತೆ ಹೋಯಿತು. ಮನೆಯವರಿಗೆ ನಾನು ಭಾರ. ಇರಬೇಕೆಂದೇ ಅನಿಸುತ್ತಿಲ್ಲ.


ಕ್ಲಿನಿಕಲ್_ಬೆಳಗಾವಿ (12:58)

ತಮ್ಮಾ, ಬರೆದದ್ದು ಒಳ್ಳೆಯದಾಯಿತು. ಮುಚ್ಚುಮರೆ ಇಲ್ಲದೆ ಕೇಳುತ್ತೇನೆ: ಸಾಯುವ ಯೋಚನೆ ಬರುತ್ತಿದೆಯೇ? ಬರುತ್ತಿದ್ದರೆ ನಾಚಿಕೊಳ್ಳುವಂಥದ್ದು ಏನೂ ಇಲ್ಲ, ಆದರೆ ಈ ರಾತ್ರಿ ಒಬ್ಬನೇ ಇರಬೇಡ. ಮನೆಯಲ್ಲಿ ಯಾರಿದ್ದಾರೆ? ಅವರನ್ನು ಎಬ್ಬಿಸು, ಇಲ್ಲಿ ಬರೆದದ್ದನ್ನೇ ತೋರಿಸು, ಬಾಯಿಂದ ಹೇಳಲಾಗದಿದ್ದರೆ ಬೇಡ. ಈಗಲೇ 14416ಕ್ಕೆ ಕರೆ ಮಾಡು, ಈ ಹೊತ್ತಿನಲ್ಲೂ ಎತ್ತುತ್ತಾರೆ. ತಡೆಯಲಾಗುತ್ತಿಲ್ಲ ಎನಿಸಿದರೆ 112 ಅಥವಾ 108. ನಾನು ಇಲ್ಲೇ ಇದ್ದೇನೆ, ಉತ್ತರ ಬರೆ.


ತಿಕೋಟಾ_ದ್ರಾಕ್ಷಿ (1:04)

ತಮ್ಮಾ, ನಾನೂ ಎಚ್ಚರ ಇದ್ದೇನೆ. ಇಂಡಿ ನನಗೆ ದೂರವಲ್ಲ. ನಿನಗೆ ಬೇಕೆನಿಸಿದರೆ ನಿರ್ವಾಹಕರ ಮೂಲಕ ನಂಬರ್ ಕಳುಹಿಸು, ಗಾಡಿ ತೆಗೆದುಕೊಂಡು ಬರುತ್ತೇನೆ. ಮೊದಲು ಮನೆಯವರನ್ನು ಎಬ್ಬಿಸು.


ಹೊಸ_ಸದಸ್ಯ_ಇಂಡಿ (1:31)

ಅಣ್ಣನನ್ನು ಎಬ್ಬಿಸಿದೆ. ಪಕ್ಕದಲ್ಲೇ ಕುಳಿತಿದ್ದಾನೆ. ಕರೆ ಮಾಡಿ ಮಾತನಾಡಿದೆವು. ಬೆಳಿಗ್ಗೆ ವಿಜಯಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದಾನೆ.


ನಿರ್ವಾಹಕ (ಬುಧವಾರ, ಬೆಳಿಗ್ಗೆ 8:00)

ಇಂಡಿಯ ಸದಸ್ಯರ ಅಣ್ಣ ನನಗೆ ಸಂದೇಶ ಕಳುಹಿಸಿದ್ದಾರೆ, ಇಬ್ಬರೂ ಆಸ್ಪತ್ರೆಯಲ್ಲಿದ್ದಾರೆ. ಅವರ ಬಗ್ಗೆ ಇಲ್ಲಿ ಹೆಚ್ಚು ಕೇಳಬೇಡಿ. ಮಾತ್ರೆಗಳ ಹೆಸರು, ಪ್ರಮಾಣ ಬರೆದಿದ್ದ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಅಲ್ಲ.


ಬನಹಟ್ಟಿ_ಸೊಸೆ (ಗುರುವಾರ, ಮಧ್ಯಾಹ್ನ 3:20)

ಎಲ್ಲರಿಗೂ ಋಣಿ. ನಿನ್ನೆ ಮಗ್ಗ ನಿಂತ ಮೇಲೆ ಯಜಮಾನರಿಗೆ ಎಲ್ಲ ಹೇಳಿದೆ, ಬಾಕಿಯ ಪಟ್ಟಿಯನ್ನೂ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ದಿನ ಒಬ್ಬಳೇ ನೋಡಿಕೊಂಡು ಕುಳಿತಿದ್ದೆಯಾ" ಎಂದರು. ಸಿಟ್ಟೋ ಮರುಕವೋ ಗೊತ್ತಾಗಲಿಲ್ಲ. ಇಂದು 14416ಕ್ಕೆ ಮಾತನಾಡಿದೆ, ತವರಿನ ಕಡೆಯ ವಹಿನಿಯ ಹೊಲಿಗೆ ಅಂಗಡಿಯಲ್ಲಿ ಕುಳಿತು. ನಿಧಾನವಾಗಿ ಕೇಳಿಸಿಕೊಂಡರು. ಒಮ್ಮೆ ಮನೋವೈದ್ಯರಿಗೆ ತೋರಿಸಿ, ಆಮೇಲೆ ವಾರಕ್ಕೊಮ್ಮೆ ಫೋನಿನಲ್ಲಿ ಥೆರಪಿ ಮುಂದುವರಿಸಬಹುದು ಎಂದಿದ್ದಾರೆ. ಮುಂದಿನ ಮಂಗಳವಾರ ಜಮಖಂಡಿಗೆ ಹೋಗುವುದೆಂದು ಮಾಡಿದ್ದೇವೆ. ನನಗೆ ಹಲ್ಲುನೋವು ಎಂದು ಅತ್ತೆಗೆ ಹೇಳಿದ್ದೇನೆ, ಸದ್ಯಕ್ಕೆ ಅಷ್ಟೇ ಸಾಧ್ಯ.

ಮಾಸ್ತರರೇ, ಅಲ್ಲಿಗೆ ಏನೇನು ತೆಗೆದುಕೊಂಡು ಹೋಗಬೇಕು? ಎಷ್ಟು ಹೊತ್ತಿಗೆ ಹೋದರೆ ಸಿಗುತ್ತಾರೆ?


ನಿವೃತ್ತ_ಮಾಸ್ತರ_ಮುಧೋಳ

ಆಧಾರ್ ಕಾರ್ಡ್, ಹಳೆಯ ಇಸಿಜಿ, ಥೈರಾಯ್ಡ್ ವರದಿ, ಈಗ ಏನಾದರೂ ಮಾತ್ರೆ ನುಂಗುತ್ತಿದ್ದರೆ ಅದರ ಪಟ್ಟಿ. ಎದೆ ಬಡಿತ ಯಾವಾಗ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು, ಎದುರಿಗೆ ಕುಳಿತಾಗ ಅರ್ಧ ಮರೆತುಹೋಗುತ್ತದೆ. ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ಅವತ್ತು ಮನೋವೈದ್ಯರು ಬರುತ್ತಾರೆಯೇ ಎಂದು ಕೇಳಿಕೋ; ಎಲ್ಲ ತಾಲ್ಲೂಕಿಗೂ ಎಲ್ಲ ವಾರವೂ ಬರುವುದಿಲ್ಲ. ಒಪಿಡಿ ಚೀಟಿಯನ್ನು ಬೆಳಿಗ್ಗೆ ಬೇಗ ಮಾಡಿಸಬೇಕು. ಗಂಡನನ್ನು ಹೊರಗೆ ಕೂರಿಸಿ ಮೊದಲು ನೀನೊಬ್ಬಳೇ ಮಾತನಾಡು, ಆಮೇಲೆ ಬೇಕಾದರೆ ಕರೆದುಕೋ.


ಇಳಕಲ್_ಸೆರಗು

ಹಲ್ಲುನೋವು ಎಂದಿದ್ದೀಯಲ್ಲ, ಬರುವಾಗ ಲವಂಗದ ಎಣ್ಣೆಯ ಶೀಷೆಯೊಂದನ್ನು ತೆಗೆದುಕೊಂಡು ಬಾ.